ತೆರೆಯ ಹಾಡಿಗೆ ರಂಗದ ಉಸಿರು

ಕೆ. ಆಸಿಫ್ ಅವರ ‘ಮುಘಲ್-ಎ-ಆಜಮ್’ 1960ರ ಆಗಸ್ಟ್ 5ರಂದು ಮುಂಬಯಿಯ ಮರಾಠಾ ಮಂದಿರದಲ್ಲಿ ತೆರೆಕಂಡಿತು. ಅಕ್ಬರನ ದರ್ಬಾರಿನ ನಡುವೆ ನಿಂತು, ಬಾದಷಹನಿಗೇ ಸವಾಲು ಹಾಕುವಂತೆ ಅನಾರ್ಕಲಿ ಹಾಡಿ ಕುಣಿಯುವ ಶೀಶ್ ಮಹಲಿನ ದೃಶ್ಯ ಇಂದಿಗೂ ಜನರ ಮನಸ್ಸಿನಲ್ಲಿ ಮಾಸಿಲ್ಲ. ನಮ್ಮ ನೆನಪಿನಲ್ಲಿ ಅಲ್ಲಿರುವವಳು ಒಬ್ಬಳೇ ಹೆಣ್ಣು. ಆದರೆ ಚಿತ್ರ ತಯಾರಾದ ಬಗೆಯನ್ನು ಗಮನಿಸಿದರೆ ಅವಳು ಒಬ್ಬಳಲ್ಲ. ಮುಖ ಮಧುಬಾಲಾ ಅವರದು, ಕಂಠ ಲತಾ ಮಂಗೇಶ್ಕರ್ ಅವರದು. ಹೆಜ್ಜೆಗಳನ್ನು ಕಟ್ಟಿಕೊಟ್ಟವರು ಕಥಕ್ ಗುರು ಲಚ್ಚು ಮಹಾರಾಜ್. ನೃತ್ಯದ ಕೆಲವು ಭಾಗಗಳನ್ನು ಶಿಲ್ಪಿ ಬಿ.ಆರ್. ಖೇಡ್ಕರ್ ತಯಾರಿಸಿದ ಮಧುಬಾಲಾ ಮುಖವಾಡ ತೊಟ್ಟು ಲಕ್ಷ್ಮೀನಾರಾಯಣ ಎಂಬ ನರ್ತಕ ಕುಣಿದರು. ಶಕೀಲ್ ಬದಾಯುನಿ ಬರೆದು ನೌಷಾದ್ ರಾಗ ಹಾಕಿದ ಆ ಹಾಡು ಒಂದು ಕಡೆ, ಒಂದು ದಿನ ಧ್ವನಿಮುದ್ರಣವಾಯಿತು. ಕುಣಿತದ ಚಿತ್ರೀಕರಣ ಇನ್ನೊಂದು ಕಡೆ, ಬೇರೆ ಬೇರೆ ದಿನಗಳಲ್ಲಿ ನಡೆಯಿತು. ಕ್ಯಾಮೆರಾ ಮತ್ತು ಸಂಕಲನದ ಮೇಜು ಇವೆಲ್ಲವನ್ನೂ ಬೆಸುಗೆ ಕಾಣದಂತೆ ಸೇರಿಸಿ ನಮಗೊಬ್ಬ ಅನಾರ್ಕಲಿಯನ್ನು ಕೊಟ್ಟವು. 2016ರಲ್ಲಿ ನಿರ್ದೇಶಕ ಫಿರೋಜ್ ಅಬ್ಬಾಸ್ ಖಾನ್ ಇದೇ ಚಿತ್ರವನ್ನು ಮುಂಬಯಿಯ ಎನ್‌ಸಿಪಿಎ ರಂಗಮಂದಿರದಲ್ಲಿ ಸಂಗೀತ ನಾಟಕವಾಗಿ ಆಡಿಸಿದಾಗ ಆ ಮೇಜು ಅವರ ಕೈಯಲ್ಲಿರಲಿಲ್ಲ. ಅಲ್ಲಿ ಅನಾರ್ಕಲಿ ನಿಜವಾಗಿಯೂ ಒಬ್ಬಳೇ ಆಗಬೇಕಿತ್ತು.

ಹೆಸರಾಂತ ಸಂಗೀತಮಯ ಚಿತ್ರವೊಂದು ರಂಗಕ್ಕೆ ಬರುತ್ತಿದೆ ಎಂದಾಗ ಎಲ್ಲರೂ ಮೊದಲು ಮಾತಾಡುವುದು ಅದ್ದೂರಿಯ ಬಗ್ಗೆ. ಅರಮನೆಯನ್ನು ಹೇಗೆ ತೋರಿಸುತ್ತಾರೆ, ಮಳೆಯನ್ನು ಹೇಗೆ ಸುರಿಸುತ್ತಾರೆ, ಉಡುಪಿಗೆ ಎಷ್ಟು ಖರ್ಚಾಯಿತು, ಪರದೆಯ ಮೇಲೆ ಯಾವ ದೃಶ್ಯ ಮೂಡುತ್ತದೆ ಎಂಬ ಪ್ರಶ್ನೆಗಳೇ ಪತ್ರಿಕೆಗಳನ್ನೂ ಜಾಹೀರಾತುಗಳನ್ನೂ ತುಂಬುತ್ತವೆ. ಇವು ಬೇಡದ ಪ್ರಶ್ನೆಗಳಲ್ಲ. ಆದರೆ ಅದ್ದೂರಿಯ ಪಂದ್ಯದಲ್ಲಿ ರಂಗ ಸಿನಿಮಾದ ಎದುರು ಯಾವತ್ತೂ ಗೆಲ್ಲುವುದಿಲ್ಲ. ಮೋಹನ್ ಸ್ಟುಡಿಯೋದಲ್ಲಿ ಶೀಶ್ ಮಹಲ್ ಸೆಟ್ ಕಟ್ಟಲು ಎರಡು ವರ್ಷ ಹಿಡಿಯಿತೆಂದು ಪ್ರತೀತಿ. ದಿನವೂ ಹಾಕಿ ತೆಗೆಯಬೇಕಾದ ರಂಗಸಜ್ಜಿಕೆಗೆ ಅಂಥ ಸಮಯವೂ ಇಲ್ಲ, ಕನ್ನಡಿಯ ಒಂದೊಂದು ಚೂರಿನಲ್ಲೂ ಅನಾರ್ಕಲಿಯನ್ನು ತೋರಿಸುವ ಕ್ಯಾಮೆರಾದ ಕಣ್ಣೂ ಇಲ್ಲ. ಹಾಗಾದರೆ ಮನೆಯಲ್ಲೇ ಕೂತು ಬೇಕೆಂದಾಗ ನೋಡಬಹುದಾದ ಚಿತ್ರವನ್ನು ನಾಟಕವಾಗಿ ನೋಡಲು ಜನ ಯಾಕೆ ಬರಬೇಕು? ನನ್ನ ಉತ್ತರ ಇಷ್ಟು: ಸಿನಿಮಾ ಬೇರೆ ಬೇರೆ ಮಾಡಿ ಇಟ್ಟ ಕಂಠ, ಮುಖ ಮತ್ತು ಕಾಲನ್ನು ಮತ್ತೆ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಸೇರಿಸಲು ರಂಗಕ್ಕೆ ಮಾತ್ರ ಸಾಧ್ಯ. ಅದನ್ನು ಮಾಡುವ ಪ್ರಯೋಗಕ್ಕೆ ಹುಟ್ಟುವ ಹಕ್ಕಿದೆ. ಅದನ್ನು ಬಿಟ್ಟು ಉಳಿದೆಲ್ಲ ಮಾಡುವ ಪ್ರಯೋಗಕ್ಕೆ ಇಲ್ಲ.

‘ಮುಘಲ್-ಎ-ಆಜಮ್’ ವಿಷಯದಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ, ಯಾಕೆಂದರೆ ಈ ಕಥೆ ಮೊದಲೇ ರಂಗಸಾಹಿತ್ಯದಿಂದ ಬಂದದ್ದು. ಲಾಹೋರಿನ ಇಮ್ತಿಯಾಜ್ ಅಲಿ ತಾಜ್ 1922ರಲ್ಲಿ ಬರೆದ ‘ಅನಾರ್ಕಲಿ’ ಎಂಬ ಉರ್ದು ನಾಟಕವೇ ಮೂಕಿ ಚಿತ್ರಗಳ ಕಾಲದಿಂದ ಹಿಡಿದು ಎಷ್ಟೋ ಸಿನಿಮಾಗಳಿಗೆ ಮೂಲವಾಯಿತು. ಆಸಿಫ್ ಅವರ ಚಿತ್ರದಲ್ಲಿ ಅಕ್ಬರನಾದ ಪೃಥ್ವಿರಾಜ್ ಕಪೂರ್ 1944ರಲ್ಲಿ ಪೃಥ್ವಿ ಥಿಯೇಟರ್ಸ್ ಕಟ್ಟಿ ಊರೂರು ಸುತ್ತಿ ನಾಟಕವಾಡಿದವರು. ಹಿಂದಿನ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ಮಾತನ್ನು ತೂಗಿ ಎಸೆಯುವ ಅವರ ರೀತಿ ಪೂರ್ತಿ ರಂಗದ್ದೇ. ಚಿತ್ರದಲ್ಲಿ ಮಗನಿಗೂ ತಂದೆಗೂ ನಡೆಯುವ ವಾಗ್ವಾದಗಳು ಇಬ್ಬರು ನಟರು ಎದುರುಬದುರು ನಿಂತು ನಡೆಸುವ ನಾಟಕದ ದೃಶ್ಯಗಳೇ. ಆದ್ದರಿಂದ ಮಾತನ್ನು ಮರಳಿ ರಂಗಕ್ಕೆ ತರುವುದು ಕಷ್ಟವಲ್ಲ, ಅದು ತವರಿಗೆ ಬಂದಷ್ಟೇ ಸಹಜ. ಫಿರೋಜ್ ಖಾನ್ ಪ್ರಯೋಗದಲ್ಲಿ ಉರ್ದುವಿನ ಗತ್ತನ್ನು ಸಡಿಲಿಸದೆ, ಅರ್ಥವಾಗದವರಿಗಾಗಿ ಪಕ್ಕದ ಪರದೆಗಳಲ್ಲಿ ಇಂಗ್ಲಿಷ್ ಸಾಲುಗಳನ್ನು ತೋರಿಸಿದ್ದು ಸರಿಯಾದ ನಿರ್ಧಾರ. ತೊಡಕಿರುವುದು ಹಾಡುಗಳಲ್ಲಿ. ಅವು ರಂಗದಲ್ಲಿ ಹುಟ್ಟಿದವಲ್ಲ. ಅವು ಧ್ವನಿಮುದ್ರಣದ ಕೋಣೆಯ ಮಕ್ಕಳು.

ಇದಕ್ಕೊಂದು ಚರಿತ್ರೆಯಿದೆ. ಭಾರತದ ಮೊದಲ ವಾಕ್ಚಿತ್ರಗಳಲ್ಲಿ ನಟರು ತಾವೇ ಹಾಡುತ್ತಿದ್ದರು, ಯಾಕೆಂದರೆ ಅವರಲ್ಲಿ ಹಲವರು ನಾಟಕ ಕಂಪನಿಗಳಿಂದ ಬಂದವರು. 1934ರ ‘ಸತಿ ಸುಲೋಚನ’ದಲ್ಲಿ ಎಂ.ವಿ. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅವರದು ಅದೇ ಪರಂಪರೆ. ಮರುವರ್ಷ, 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನ ನಿತಿನ್ ಬೋಸ್ ಮತ್ತು ರಾಯ್‌ಚಂದ್ ಬೋರಾಲ್ ‘ಧೂಪ್ ಛಾಂವ್’ ಚಿತ್ರದಲ್ಲಿ ಹಿನ್ನೆಲೆ ಗಾಯನವನ್ನು ಬಳಕೆಗೆ ತಂದರು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಹಾಡುವ ನಟ ಎಂಬ ಜಾತಿಯೇ ತೆರೆಯಿಂದ ಮರೆಯಾಗತೊಡಗಿತು. ಕಂಪನಿ ನಾಟಕಗಳಲ್ಲಿ ಪಳಗಿದ ರಾಜ್‌ಕುಮಾರ್ ಅವರಂಥ ಕಂಠವುಳ್ಳ ನಟನಿಗೂ ಎರಡು ದಶಕ ಕಾಲ ಪಿ.ಬಿ. ಶ್ರೀನಿವಾಸ್ ಹಾಡಿದರು, 1974ರ ‘ಸಂಪತ್ತಿಗೆ ಸವಾಲ್’ ಬಂದ ಮೇಲೆ ಅವರ ಸ್ವಂತ ದನಿ ಚಿತ್ರಗಳಲ್ಲಿ ನೆಲೆಯಾಯಿತು. ಹಿನ್ನೆಲೆ ಗಾಯನದಿಂದ ಸಂಗೀತಕ್ಕೆ ಆದ ಲಾಭ ಬಹಳ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಮೈಕಿನ ಹತ್ತಿರ ನಿಂತು, ಕುಣಿಯುವ ಹೊರೆಯಿಲ್ಲದೆ, ಪಿಸುಮಾತಿನಷ್ಟು ನಯವಾಗಿ ಸ್ವರ ಹಿಡಿಯುವ ಒಂದು ಹೊಸ ಗಾಯನ ಕಲೆಯೇ ಇಲ್ಲಿ ಬೆಳೆಯಿತು. ಲತಾ ಅವರ ಕಂಠ ಆ ಕಲೆಯ ಶಿಖರ. ‘ಮುಘಲ್-ಎ-ಆಜಮ್’ನಲ್ಲಿ ತಾನ್‌ಸೇನನ ಹಾಡನ್ನು ಹಾಡಿದ ಬಡೆ ಗುಲಾಂ ಅಲಿ ಖಾನ್ ಅವರನ್ನು ಚಿತ್ರದಲ್ಲಿ ನಾವು ಎಲ್ಲೂ ಕಾಣುವುದಿಲ್ಲ, ಅವರ ಸೋಹನಿ ರಾಗ ಕೇಳುವಾಗ ನಮ್ಮ ಕಣ್ಣೆದುರು ಇರುವುದು ಗರಿಯೊಂದರ ನೇವರಿಕೆಗೆ ಅರಳುವ ಮಧುಬಾಲಾ ಮುಖ. ದೇಹದಿಂದ ಬಿಡುಗಡೆ ಪಡೆದ ಕಂಠ ಎಂದರೆ ಇದೇ. ರಂಗಕ್ಕೆ ತರುವವರ ಮುಂದಿರುವ ಸವಾಲು, ಹೀಗೆ ಬಿಡುಗಡೆ ಪಡೆದ ಕಂಠಕ್ಕೆ ಮತ್ತೆ ಒಂದು ದೇಹ ಕೊಡುವುದು.

ಅದು ಎಷ್ಟು ಪ್ರಯಾಸದ ಕೆಲಸ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಕಥಕ್‌ನಲ್ಲಿ ಚಕ್ಕರ್ ಹೊಡೆದು ನಿಂತ ಕ್ಷಣದಲ್ಲೇ ಪಲ್ಲವಿಯ ಮೊದಲ ಸ್ವರವನ್ನು ಅಲುಗದಂತೆ ಹಿಡಿಯಬೇಕೆಂದರೆ ಉಸಿರನ್ನು ಎಲ್ಲಿ ತುಂಬಿಕೊಳ್ಳಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಸಾಲು ಸಾಲಾಗಿ ಲೆಕ್ಕ ಹಾಕಬೇಕು. ಧ್ವನಿಮುದ್ರಣಕ್ಕೆಂದು ಇಟ್ಟ ಶ್ರುತಿ ರಂಗದ ಕಂಠಕ್ಕೆ ಒಗ್ಗದಿದ್ದರೆ ಅದನ್ನು ಇಳಿಸಬೇಕು. ಬಿರುಸಿನ ಕುಣಿತವನ್ನು ಸುತ್ತಲಿನ ನರ್ತಕಿಯರಿಗೆ ಹಂಚಿ, ನಾಯಕಿ ಹಾಡುವ ಸಾಲುಗಳಲ್ಲಿ ಅವಳ ಕಾಲಿಗೆ ಬಿಡುವು ಕೊಡಬೇಕು. ಫಿರೋಜ್ ಖಾನ್ ಈ ನಿಜವನ್ನು ಆರಂಭದಲ್ಲೇ ಗುರುತಿಸಿದರು. ತುಟಿಯಾಡಿಸುವುದು ಬೇಡ, ಹಾಡು ರಂಗದಲ್ಲೇ ಹುಟ್ಟಬೇಕು ಎಂದು ಅವರು ನಿಶ್ಚಯಿಸಿದ್ದರಿಂದ ಅನಾರ್ಕಲಿಯ ಪಾತ್ರಕ್ಕೆ ಸಿನಿಮಾ ತಾರೆಯರಲ್ಲ, ಹಾಡಬಲ್ಲವರು ಬಂದರು. ಪ್ರಿಯಾಂಕಾ ಬರ್ವೆ ಮತ್ತು ನೇಹಾ ಸರ್ಗಮ್ ಸರದಿಯ ಮೇಲೆ ಆ ಪಾತ್ರವನ್ನು ವಹಿಸಿದರು. ನೃತ್ಯದ ಹೊಣೆ ಹೊತ್ತವರು ಬೆಂಗಳೂರಿನ ‘ನೃತರುತ್ಯ’ ತಂಡದ ಮಯೂರಿ ಉಪಾಧ್ಯ. ಸಾಲುಗಟ್ಟಿದ ಕಥಕ್ ನರ್ತಕಿಯರ ಸಮೂಹವನ್ನೇ ಅವರು ನಾಟಕದ ಬೆನ್ನೆಲುಬಾಗಿಸಿದರು. ಚಿತ್ರದಲ್ಲಿ ಕನ್ನಡಿಗಳು ಅನಾರ್ಕಲಿಯನ್ನು ನೂರಾಗಿಸಿದ್ದವು. ರಂಗದಲ್ಲಿ ಆ ಕೆಲಸ ಉಸಿರಾಡುವ ದೇಹಗಳ ಪಾಲಿಗೆ ಬಂತು. ಮನೀಷ್ ಮಲ್ಹೋತ್ರಾ ಅವರ ಉಡುಪು, ಅಮೆರಿಕದ ನೀಲ್ ಪಟೇಲ್ ಅವರ ರಂಗಸಜ್ಜಿಕೆ, ಗೋಡೆಗಳನ್ನು ಅರಮನೆಯಾಗಿಸುವ ಪ್ರೊಜೆಕ್ಷನ್ ಎಲ್ಲವೂ ಜಾಹೀರಾತಿನಲ್ಲಿ ಮೆರೆದವು. ಆದರೂ ಆ ನಾಟಕ ಮುಂಬಯಿಯಿಂದ ದೆಹಲಿಗೂ 2023ರಲ್ಲಿ ಅಮೆರಿಕದ ನಗರಗಳಿಗೂ ಹೋಗಿ ನಿಲ್ಲಲು ಸಾಧ್ಯವಾದದ್ದು ಮೊದಲ ನಿಶ್ಚಯದಿಂದ ಎಂದೇ ನನ್ನ ನಂಬಿಕೆ.

ಇದೇ ಪ್ರಶ್ನೆಯನ್ನು ಹಾಲಿವುಡ್‌ನ ಒಂದು ಚಿತ್ರ ತನ್ನ ಕಥೆಯಾಗಿಯೇ ಮಾಡಿಕೊಂಡಿತ್ತು. ಜೀನ್ ಕೆಲಿ ಮತ್ತು ಸ್ಟ್ಯಾನ್ಲಿ ಡೋನೆನ್ 1952ರಲ್ಲಿ ನಿರ್ದೇಶಿಸಿದ ‘ಸಿಂಗಿಂಗ್ ಇನ್ ದ ರೇನ್’ ಮೂಕಿ ಚಿತ್ರಗಳ ಕಾಲ ಮುಗಿದು ಮಾತು ಬಂದ 1927ರ ಕಥೆ. ಲೀನಾ ಎಂಬ ಸುಂದರ ತಾರೆಯ ದನಿ ಕಿವಿಗೆ ಚುಚ್ಚುವಂಥದು. ಆಕೆಗಾಗಿ ಕ್ಯಾಥಿ ಎಂಬ ಹೊಸ ಹುಡುಗಿ ಮರೆಯಲ್ಲಿ ನಿಂತು ಮಾತಾಡಿ ಹಾಡುತ್ತಾಳೆ. ಕೊನೆಗೆ ರಂಗಮಂದಿರವೊಂದರಲ್ಲಿ ಲೀನಾ ತುಟಿಯಾಡಿಸುತ್ತಿರುವಾಗ ಹಿಂದಿನ ಪರದೆಯನ್ನು ಎಳೆದುಬಿಡುತ್ತಾರೆ; ನಿಜವಾಗಿ ಹಾಡುತ್ತಿರುವವಳು ಯಾರೆಂದು ಜನಕ್ಕೆ ತಿಳಿಯುತ್ತದೆ. ಹಿನ್ನೆಲೆ ಗಾಯನದ ಗುಟ್ಟು ಬಯಲಾಗುವುದು ಒಂದು ರಂಗದ ಮೇಲೆ ಎಂಬುದನ್ನು ಗಮನಿಸಬೇಕು. ಇನ್ನೂ ಗಮನಿಸಬೇಕಾದದ್ದು ಚಿತ್ರದ ತಯಾರಿಯೊಳಗಿದೆ. ಕ್ಯಾಥಿಯ ಪಾತ್ರ ಮಾಡಿದ ಡೆಬ್ಬಿ ರೆನಾಲ್ಡ್ಸ್ ಲೀನಾಳಿಗಾಗಿ ಹಾಡುವಂತೆ ಕಾಣುವ ಹಾಡೊಂದರಲ್ಲಿ ನಮಗೆ ಕೇಳುವುದು ಬೆಟ್ಟಿ ನಾಯ್ಸ್ ಎಂಬ ಗಾಯಕಿಯ ಕಂಠ. ಕ್ಯಾಥಿ ಲೀನಾಳಿಗೆ ಮಾತು ಕೊಡುವ ಕಡೆ ಕೇಳುವುದು ಲೀನಾಳ ಪಾತ್ರಧಾರಿ ಜೀನ್ ಹೇಗನ್ ಅವರದೇ ಸಹಜ ದನಿ. ಮಳೆಯಲ್ಲಿ ಕೆಲಿ ಕುಣಿಯುವ ಜಗತ್ಪ್ರಸಿದ್ಧ ದೃಶ್ಯದಲ್ಲೂ ನೀರಿನಲ್ಲಿ ಬೂಟು ಬಡಿಯುವ ಸದ್ದನ್ನು ಆಮೇಲೆ ಬೇರೆಯಾಗಿ ದಾಖಲಿಸಿ ಸೇರಿಸಿದರು. ಹೆಜ್ಜೆಗೂ ಹಿನ್ನೆಲೆ ಸದ್ದು ಬೇಕಾಯಿತು. ಎರವಲು ಕಂಠವನ್ನು ಕಥೆಯಲ್ಲಿ ಬಯಲಿಗೆಳೆದ ಚಿತ್ರವೇ ತನ್ನ ತಯಾರಿಯಲ್ಲಿ ಅದನ್ನು ಬಿಡಲಾಗಲಿಲ್ಲ. ಸಿನಿಮಾದ ಸ್ವಭಾವವೇ ಹಾಗೆ, ಅದನ್ನು ತಪ್ಪೆನ್ನಲಾಗದು.

ಈ ಚಿತ್ರವನ್ನು ರಂಗಕ್ಕೆ ತಂದ ಮೂರು ಪ್ರಯತ್ನಗಳಲ್ಲಿ ನಮಗೆ ಬೇಕಾದ ಪಾಠವಿದೆ. 1983ರಲ್ಲಿ ಟಾಮಿ ಸ್ಟೀಲ್ ಲಂಡನ್ನಿನ ಪಲೇಡಿಯಂನಲ್ಲಿ ತಾವೇ ನಿರ್ದೇಶಿಸಿ, ತಾವೇ ನಾಯಕನಾಗಿ ಆಡಿದ ನಾಟಕ ಎರಡು ವರ್ಷ ನಡೆಯಿತು. ಅವರು ಕೆಲಿಯ ಹಾಗೆ ಇರಲಿಲ್ಲ, ಇರಲು ಹೊರಡಲೂ ಇಲ್ಲ. ಬ್ರಿಟಿಷ್ ಜನರಂಜನೆಯ ರಂಗದಲ್ಲಿ ಬೆಳೆದ ತಮ್ಮದೇ ದನಿ, ತಮ್ಮದೇ ಚೇಷ್ಟೆಗಳೊಂದಿಗೆ ಬಂದರು. 1985ರಲ್ಲಿ ಅದೇ ಕಥೆ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದಾಗ ನಿರ್ದೇಶಿಸಿದವರು ಟ್ವೈಲಾ ಥಾರ್ಪ್. ಅಮೆರಿಕದ ಆಧುನಿಕ ನೃತ್ಯದಲ್ಲಿ ಅವರದು ದೊಡ್ಡ ಹೆಸರು. ಆದರೂ ಪ್ರಯೋಗ ಚಿತ್ರದ ಸಂಭಾಷಣೆಗೂ ಕೆಲಿ–ಡೋನೆನ್ ಜೋಡಿಯ ಮೂಲ ನೃತ್ಯಕ್ಕೂ ಬಲವಾಗಿ ಅಂಟಿಕೊಂಡಿತು. ವಿಮರ್ಶಕರು ಮೆಚ್ಚಲಿಲ್ಲ, 367 ಪ್ರದರ್ಶನಗಳಲ್ಲಿ ಅದು ಮುಗಿಯಿತು. ಬೇರೊಬ್ಬರ ದೇಹಕ್ಕೆ ಅಳೆದು ಕಟ್ಟಿದ ಹೆಜ್ಜೆಯನ್ನು ಹಾಗೇ ತಂದು ಇನ್ನೊಬ್ಬರ ಮೇಲೆ ಹೊರಿಸಿದರೆ, ಕುಣಿಯುವವನು ಎಷ್ಟೇ ನಿಪುಣನಾದರೂ ನಮಗೆ ಕಾಣುವುದು ಇಲ್ಲದಿರುವ ಕೆಲಿಯೇ.

ಮೂರನೆಯದು 2011ರಲ್ಲಿ ಇಂಗ್ಲೆಂಡಿನ ಚಿಚೆಸ್ಟರ್‌ನಲ್ಲಿ ಜೋನಾಥನ್ ಚರ್ಚ್ ನಿರ್ದೇಶಿಸಿ, ಮರುವರ್ಷ ಲಂಡನ್ನಿನ ಪ್ಯಾಲೇಸ್ ಥಿಯೇಟರಿಗೆ ಬಂದ ಪ್ರಯೋಗ. ನಾಯಕ ಆಡಂ ಕೂಪರ್ ರಾಯಲ್ ಬ್ಯಾಲೆಯಿಂದ ಬಂದವರು, ಅವರ ಕುಣಿತ ಕೆಲಿಗಿಂತ ಬೇರೆ ಜಾತಿಯದು. ಅಲ್ಲಿ ಮಳೆ ನಿಜವಾಗಿ ಸುರಿಯಿತು. ಸಾವಿರಾರು ಲೀಟರ್ ನೀರನ್ನು ರಂಗದ ಮೇಲೆ ಬಿಡಬೇಕೆಂದರೆ ಅದು ಹರಿದುಹೋಗಲು ನೆಲದಡಿ ದಾರಿ, ಕಾಲು ಜಾರದ ಹಾಸು, ವಿದ್ಯುತ್ತಿನ ತಂತಿಗಳಿಗೆ ರಕ್ಷಣೆ, ನಟರು ಬದಲಿಸಲು ಒಣ ಬಟ್ಟೆ ಎಲ್ಲ ಬೇಕು. ಮಳೆಯ ಹಾಡನ್ನು ಮೊದಲ ಅಂಕದ ಕೊನೆಗೆ ಇಟ್ಟದ್ದರಿಂದ ವಿರಾಮದಲ್ಲಿ ರಂಗವನ್ನು ಒಣಗಿಸಲು ಸಮಯ ಸಿಕ್ಕಿತು. ಕೂಪರ್ ನೀರನ್ನು ಒದ್ದಾಗ ಮುಂದಿನ ಸಾಲಿನವರು ನೆನೆದರು, ನೆನೆದು ನಕ್ಕರು. ಇದೂ ಅದ್ದೂರಿಯೇ ಅಲ್ಲವೇ ಎಂದು ಕೇಳಬಹುದು. ಅದ್ದೂರಿ ಹೌದು, ಆದರೆ ನಕಲು ಅಲ್ಲ. ಪ್ರೇಕ್ಷಕನ ಮೈಮೇಲೆ ಹನಿ ಬೀಳಿಸುವ ಮಳೆ ಯಾವ ಚಿತ್ರದಲ್ಲೂ ಇಲ್ಲ. ಹಾಡುತ್ತಿರುವ, ಕುಣಿಯುತ್ತಿರುವ, ನೆನೆಯುತ್ತಿರುವ ಮನುಷ್ಯ ಒಬ್ಬನೇ ಎಂಬುದಕ್ಕೆ ಆ ನೀರೇ ಸಾಕ್ಷಿ. 1951ರ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ಚಿತ್ರವನ್ನು 2014ರ ಕೊನೆಗೆ ಪ್ಯಾರಿಸ್ಸಿನಲ್ಲೇ ರಂಗಕ್ಕೆ ತಂದ ಕ್ರಿಸ್ಟೋಫರ್ ವೀಲ್ಡನ್ ಇನ್ನೂ ಮುಂದೆ ಹೋದರು. ಬ್ಯಾಲೆ ತಂಡಗಳಲ್ಲಿದ್ದ ರಾಬರ್ಟ್ ಫೇರ್‌ಚೈಲ್ಡ್ ಮತ್ತು ಲಿಯಾನ್ ಕೋಪ್ ಅವರನ್ನು ಆರಿಸಿ, ಅವರ ಸ್ವಂತ ಕಂಠದಲ್ಲೇ ಹಾಡಿಸಿದರು. ಕಥೆಯನ್ನು ನಾಜಿಗಳಿಂದ ಆಗಷ್ಟೇ ಬಿಡುಗಡೆಯಾದ ಪ್ಯಾರಿಸ್ಸಿಗೆ ಒಯ್ದು, ಚಿತ್ರದಲ್ಲಿ ಮೃದುವಾಗಿದ್ದ ಪ್ರೇಮಕ್ಕೆ ಯುದ್ಧದ ನೋವನ್ನು ಬೆರೆಸಿದರು. ಆ ನಾಟಕಕ್ಕೆ ನಾಲ್ಕು ಟೋನಿ ಪ್ರಶಸ್ತಿ ಬಂದವು, ನೃತ್ಯ ಸಂಯೋಜನೆಗೆ ಬಂದದ್ದು ಅವುಗಳಲ್ಲೊಂದು.

ಈ ವಾದಕ್ಕೆ ಮೊದಲ ಆಕ್ಷೇಪ ಸಂಗೀತ ಪ್ರಿಯರದು. ಲತಾ ಅವರ ಹಾಡನ್ನು ಇನ್ನೊಬ್ಬರಿಂದ ಕೇಳುವ ಕಷ್ಟ ನಮಗೇಕೆ, ಮೂಲ ಧ್ವನಿಮುದ್ರಣವನ್ನೇ ಹಾಕಿ ನಟಿ ಚೆನ್ನಾಗಿ ಕುಣಿದರೆ ಸಾಲದೇ ಎಂದು ಅವರು ಕೇಳುತ್ತಾರೆ. ಸ್ವರದ ನಯವನ್ನಷ್ಟೇ ತೂಗಿದರೆ ಅವರ ಮಾತು ನಿಜ. ಯಾರೂ ಆ ಧ್ವನಿಮುದ್ರಣವನ್ನು ಮೀರಲಾರರು. ಆದರೆ ರಂಗದಲ್ಲಿ ಹಾಡು ಇರುವುದು ಆ ಗಳಿಗೆಯ ನಿರ್ಧಾರವಾಗಿ. ಸಾವಿಗೆ ಹೆದರದ ಹುಡುಗಿಯೊಬ್ಬಳು ಬಾದಷಹನ ಎದುರು ಹಾಡುತ್ತಿದ್ದಾಳೆ. ಅವಳ ದನಿ ಮುಂದಿನ ಸಾಲಿನಲ್ಲಿ ನಡುಗೀತೇ, ನಿಂತೀತೇ ಎಂಬುದು ನಮಗೆ ಗೊತ್ತಿರಬಾರದು. 1960ರಲ್ಲೇ ಮುಗಿದುಹೋದ ದನಿಯಲ್ಲಿ ಆ ಅಪಾಯವಿಲ್ಲ. ಮೇಲಾಗಿ ಮೂಲ ಹಾಡಿಗೆ ತುಟಿಯಾಡಿಸುವ ನಟಿ ಮಧುಬಾಲಾ ಅವರ ಜಾಗದಲ್ಲಿ ನಿಂತ ಬದಲಿಯಾಗುತ್ತಾಳೆ, ಪಾತ್ರವಾಗುವುದಿಲ್ಲ. ಸಿನಿಮಾ ತನ್ನ ದಾರಿಯಲ್ಲಿ ಇದನ್ನು ಸರಿದೂಗಿಸಿಕೊಳ್ಳಬಲ್ಲದು. ‘ಮೈ ಫೇರ್ ಲೇಡಿ’ 1956ರಲ್ಲಿ ನಾಟಕವಾಗಿದ್ದಾಗ ಜೂಲಿ ಆ್ಯಂಡ್ರೂಸ್ ತಾವೇ ಹಾಡಿದರು. 1964ರಲ್ಲಿ ಚಿತ್ರವಾದಾಗ ಆಡ್ರಿ ಹೆಪ್‌ಬರ್ನ್ ಅವರಿಗೆ ಬಹುಪಾಲು ಹಾಡಿದವರು ಮಾರ್ನಿ ನಿಕ್ಸನ್. ಚಿತ್ರ ಗೆದ್ದಿತು. ರಂಗದಲ್ಲಿ ಅದನ್ನೇ ಮಾಡಿದ್ದರೆ ಮೊದಲ ಅಂಕಕ್ಕೇ ಜನ ಎದ್ದು ಹೋಗುತ್ತಿದ್ದರು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಕ್ಲೋಸಪ್ ಇಲ್ಲದ ‘ಮುಘಲ್-ಎ-ಆಜಮ್’ ಎಂದರೆ ಏನು? ಗರಿಯ ದೃಶ್ಯದಲ್ಲಿ ಮಾತೇ ಇಲ್ಲ. ಇರುವುದು ಎರಡು ಮುಖ, ದೂರದಿಂದ ಬರುವ ಒಂದು ಆಲಾಪ. ಇಪ್ಪತ್ತನೆಯ ಸಾಲಿನಲ್ಲಿ ಕೂತವನಿಗೆ ಅದು ಕಾಣುವುದಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಕೆಲವು ದೃಶ್ಯಗಳು ರಂಗಕ್ಕೆ ಬರಲಾರವು, ಬರಬಾರದು. ಆ ನಷ್ಟವನ್ನು ತುಂಬಲು ನಟಿಯ ಮುಖವನ್ನು ದೊಡ್ಡ ಪರದೆಯ ಮೇಲೆ ಮೂಡಿಸುವ ಪರಿಪಾಠ ಈಚೆಗೆ ಎಲ್ಲೆಡೆ ಹಬ್ಬಿದೆ. ಅದು ಸೋಲನ್ನು ಬರೆದುಕೊಟ್ಟಂತೆ. ಪರದೆ ಬಂದೊಡನೆ ಪ್ರೇಕ್ಷಕನ ಕಣ್ಣು ಅತ್ತ ಹೋಗುತ್ತದೆ, ಅಲ್ಲೇ ನಿಂತಿರುವ ಜೀವಂತ ನಟಿ ಮರೆಯಾಗುತ್ತಾಳೆ. ಇದರ ಬದಲು ಆಲಾಪಕ್ಕೆ ಬಲ ಕೊಡಬಹುದು. ಖಾಲಿ ರಂಗದ ಎರಡು ತುದಿಗಳಲ್ಲಿ ಇಬ್ಬರು ಅಲುಗದೆ ನಿಂತು, ಗಾಯಕ ನಮಗೆ ಕಾಣುವಂತೆ ಹಾಡಿದರೆ, ಅವರ ನಡುವಿನ ದೂರವೇ ಶೃಂಗಾರವಾಗುತ್ತದೆ. ಜೂಲಿ ಟೇಮರ್ 1997ರಲ್ಲಿ ‘ಲಯನ್ ಕಿಂಗ್’ ವ್ಯಂಗ್ಯಚಲನಚಿತ್ರವನ್ನು ರಂಗಕ್ಕೆ ತಂದಾಗ ಪ್ರಾಣಿಗಳನ್ನು ನೈಜವಾಗಿ ತೋರಿಸಲು ಹೆಣಗಲಿಲ್ಲ. ಮುಖವಾಡವನ್ನು ನಟನ ತಲೆಯ ಮೇಲಿಟ್ಟು, ಕೆಳಗಿನ ಮನುಷ್ಯ ಮುಖವನ್ನೂ ಕಾಣಲು ಬಿಟ್ಟರು. ಆ ನಾಟಕ ಇಂದಿಗೂ ಬ್ರಾಡ್‌ವೇಯಲ್ಲಿ ನಡೆಯುತ್ತಿದೆ.

ಮೂರನೆಯವರು ಕೇಳುವುದು ಯಂತ್ರದ ಬಗ್ಗೆ. ಇಂದಿನ ಸಂಗೀತ ನಾಟಕಗಳಲ್ಲಿ ನಟನ ಕೂದಲಂಚಿನಲ್ಲಿ ಮೈಕು ಇರುತ್ತದೆ, ದನಿ ಧ್ವನಿವರ್ಧಕದಿಂದ ಬರುತ್ತದೆ, ಎಷ್ಟೋ ಕಡೆ ವಾದ್ಯಗಳು ಮೊದಲೇ ಮುದ್ರಿಸಿದ ಟ್ರ್ಯಾಕ್. ಇದರಲ್ಲಿ ಜೀವಂತವಾದದ್ದು ಏನುಳಿಯಿತು? ಮೈಕಿನ ಬಗ್ಗೆ ನನಗೆ ತಕರಾರಿಲ್ಲ. ಎರಡು ಸಾವಿರ ಜನರ ಸಭಾಂಗಣದಲ್ಲಿ ವಾದ್ಯವೃಂದದ ಮೇಲೆ ಬರಿಗಂಠದಿಂದ ಹಾಡಿ, ಕುಣಿದು, ವಾರಕ್ಕೆ ಏಳೆಂಟು ಪ್ರದರ್ಶನ ಕೊಡುವುದು ಯಾರ ಕೈಲೂ ಆಗದ ಮಾತು. ಮೈಕು ದನಿಯನ್ನು ದೊಡ್ಡದು ಮಾಡುತ್ತದೆ, ಅದನ್ನು ಹುಟ್ಟಿಸುವುದಿಲ್ಲ. ಟ್ರ್ಯಾಕಿನ ವಿಷಯ ಬೇರೆ. ಅದು ಕಾಲವನ್ನು ಬಿಗಿದುಬಿಡುತ್ತದೆ. ನಟಿಗೆ ಇವತ್ತು ಒಂದು ಸಾಲಿನ ಮೇಲೆ ಅರೆಕ್ಷಣ ಹೆಚ್ಚು ನಿಲ್ಲಬೇಕೆನಿಸಿದರೆ ಟ್ರ್ಯಾಕು ಕಾಯುವುದಿಲ್ಲ. ನಮ್ಮ ಕಂಪನಿ ನಾಟಕಗಳ ಹಾರ್ಮೋನಿಯಂ ಮಾಸ್ತರರ ವಿದ್ಯೆಯಿದ್ದದ್ದೇ ಈ ಕಾಯುವುದರಲ್ಲಿ. ನಟನ ತುಟಿಯ ಮೇಲೆ ಕಣ್ಣಿಟ್ಟು, ಅವನು ಹಿಗ್ಗಿಸಿದರೆ ಹಿಗ್ಗಿಸಿ, ಸಭೆ ‘ಒನ್ಸ್ ಮೋರ್’ ಎಂದರೆ ಮತ್ತೆ ಮೊದಲಿನಿಂದ ಎತ್ತಿಕೊಡುತ್ತಿದ್ದರು. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ರಂಗದ ಮೇಲೆ ಬರುತ್ತಿದ್ದವು ಎಂಬುದು ನಿಜ, ಅದ್ದೂರಿ ನಮಗೇನೂ ಹೊಸದಲ್ಲ. ಆದರೆ ಆ ಅದ್ದೂರಿಯ ನಡುವೆಯೂ ಹಾಡಿನ ಕಡಿವಾಣ ನಟನ ಕೈಯಲ್ಲೇ ಇತ್ತು. ಪ್ರೊಜೆಕ್ಷನ್‌ಗೆ ಹಣ ಹಾಕುವ ನಿರ್ಮಾಪಕರು ಅದರಲ್ಲಿ ಒಂದು ಪಾಲನ್ನು ಎಂಟು ಹತ್ತು ವಾದ್ಯಗಾರರಿಗೆ ಕೊಟ್ಟರೆ ನಾಟಕಕ್ಕೆ ಸಿಗುವ ಲಾಭ ಹೆಚ್ಚು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಬರುವುದು ನಮ್ಮ ಕರಾವಳಿ ಮಲೆನಾಡಿನಿಂದ. ಯಕ್ಷಗಾನದಲ್ಲಿ ವೇಷಧಾರಿ ಹಾಡುವುದಿಲ್ಲ. ಪದ್ಯ ಭಾಗವತರದು, ಕುಣಿತ ಮತ್ತು ಅರ್ಥ ವೇಷಧಾರಿಯದು. ಹಾಗಾದರೆ ಕಂಠ ಮತ್ತು ಕಾಲನ್ನು ಬೇರೆ ಮಾಡಿದ್ದೇ ದೋಷವೆಂದು ಹೇಳಲು ಬರುತ್ತದೆಯೇ? ಅಮೆರಿಕದಲ್ಲೂ 1943ರ ‘ಒಕ್ಲಹೋಮಾ’ ನಾಟಕದ ಕನಸಿನ ನೃತ್ಯದಲ್ಲಿ ನಾಯಕಿಯ ಬದಲು ನರ್ತಕಿಯೊಬ್ಬಳು ಬಂದು ಕುಣಿಯುವಂತೆ ಆಗ್ನೆಸ್ ಡಿ ಮಿಲ್ ಸಂಯೋಜಿಸಿದ್ದರು. ಈ ಆಕ್ಷೇಪಕ್ಕೆ ತಲೆಬಾಗಿ ನನ್ನ ವಾದವನ್ನು ಇನ್ನಷ್ಟು ಖಚಿತಗೊಳಿಸಿಕೊಳ್ಳಬೇಕು. ಒಂದೇ ಗಂಟಲು, ಒಂದೇ ದೇಹ ಇರಲೇಬೇಕೆಂದಿಲ್ಲ. ಇರಬೇಕಾದದ್ದು ಒಂದೇ ಹೊತ್ತು. ಭಾಗವತರು ಎಲ್ಲರಿಗೂ ಕಾಣುವಂತೆ ರಂಗದ ಹಿಂಭಾಗದಲ್ಲೇ ಇರುತ್ತಾರೆ, ವೇಷಧಾರಿಯ ಹೆಜ್ಜೆಯನ್ನು ನೋಡುತ್ತ ಪದ್ಯವನ್ನು ಏರಿಸುತ್ತಾರೆ, ಇಳಿಸುತ್ತಾರೆ. ಚೆಂಡೆ ಮದ್ದಳೆಗಳು ಇಬ್ಬರನ್ನೂ ಕೇಳುತ್ತವೆ. ವೇಷಧಾರಿ ಇನ್ನೂ ಕುಣಿಯುವ ಹುರುಪಿನಲ್ಲಿದ್ದರೆ ಪದ್ಯ ಮುಂದುವರಿಯುತ್ತದೆ. ಇಬ್ಬರ ನಡುವೆ ಹುಟ್ಟುವ ಪಾತ್ರ ಆ ರಾತ್ರಿಯದು, ನಾಳೆ ಅದು ಹಾಗೇ ಇರುವುದಿಲ್ಲ. ‘ಸಿಂಗಿಂಗ್ ಇನ್ ದ ರೇನ್’ನ ಕೊನೆಯಲ್ಲಿ ಪರದೆ ಸರಿದಾಗ ಬಯಲಾದ ಅನ್ಯಾಯ ಕೂಡ ಕಂಠ ಬೇರೆಯಾದದ್ದಲ್ಲ, ಅದನ್ನು ಬಚ್ಚಿಟ್ಟದ್ದು. ನಮ್ಮ ಭಾಗವತರಿಗೆ ಪರದೆಯೇ ಇಲ್ಲ. ಹೀಗೆ ನೋಡಿದರೆ, ಹೆಸರಾಂತ ಚಿತ್ರಗೀತೆಗಳನ್ನು ರಂಗಕ್ಕೆ ತರುವವರಿಗೆ ಬ್ರಾಡ್‌ವೇ ತೋರಿಸಿದ ದಾರಿಯೊಂದೇ ಇರುವುದಲ್ಲ. ಎಲ್ಲ ಬಲ್ಲ ನಟ ಸಿಗದಿದ್ದರೆ, ಗಾಯಕನನ್ನು ಕಣ್ಣಿಗೆ ಕಾಣುವಂತೆ ರಂಗದಲ್ಲೇ ಕೂರಿಸಿ ನಟನೊಂದಿಗೆ ಬೆಸೆಯುವ ಇನ್ನೊಂದು ದಾರಿ ನಮ್ಮಲ್ಲೇ ಹಳೆಯದಾಗಿ, ಗಟ್ಟಿಯಾಗಿ ಇದೆ. ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿ ಬೆಳೆದ ಬಿ.ವಿ. ಕಾರಂತರು ಆಧುನಿಕ ಕನ್ನಡ ರಂಗಕ್ಕೆ ಮೇಳವನ್ನೂ ಹಾಡನ್ನೂ ತಂದದ್ದು ಈ ತಿಳಿವಳಿಕೆಯಿಂದಲೇ.

ಹಳೆಯ ಚಿತ್ರಗಳ ಹೆಸರನ್ನು ಮಾರುವ ವ್ಯಾಪಾರ ಇದು, ಹೊಸ ನಾಟಕಗಳ ಜಾಗವನ್ನು ಇವು ನುಂಗುತ್ತವೆ ಎಂಬ ದೂರೂ ಇದೆ. ಅದರಲ್ಲಿ ಹುರುಳಿಲ್ಲವೆನ್ನಲಾರೆ. ‘ಮುಘಲ್-ಎ-ಆಜಮ್’ ಚಿತ್ರಕ್ಕೆ ಹಣ ಹಾಕಿದ ಶಾಪೂರ್ಜಿ ಪಲ್ಲೋನ್ಜಿ ಮನೆತನದ ಸಂಸ್ಥೆಯೇ ನಾಟಕಕ್ಕೂ ಹಣ ಹಾಕಿತು. ಅಂಥ ಬೆಂಬಲ ಹೊಸ ನಾಟಕಕಾರನಿಗೆ ಸಿಗುವುದು ಅಪರೂಪ. ಆದರೆ ಹಾಡುವ ನಟರನ್ನು, ಹಾಡಬಲ್ಲ ನರ್ತಕರನ್ನು ತಯಾರು ಮಾಡುವ ಕೆಲಸ ಯಾವುದೋ ಒಂದು ದೊಡ್ಡ ಪ್ರಯೋಗದ ನೆಪದಲ್ಲಿ ಆರಂಭವಾದರೆ ಅದರ ಫಲ ಹೊಸ ನಾಟಕಗಳಿಗೂ ದಕ್ಕುತ್ತದೆ. ದಕ್ಕಬೇಕಾದರೆ ಹಾಡು ರಂಗದಲ್ಲೇ ಹುಟ್ಟಬೇಕೆಂಬ ಷರತ್ತು ಸಡಿಲವಾಗಬಾರದು.

ಕನ್ನಡದಲ್ಲಿ ಇಂಥ ಪ್ರಯೋಗಕ್ಕೆ ಕಾದಿರುವ ಚಿತ್ರವೊಂದಿದ್ದರೆ ಅದು ‘ಹಂಸಗೀತೆ’. ತ.ರಾ.ಸು. ಕಾದಂಬರಿಯನ್ನು ಆಧರಿಸಿ ಜಿ.ವಿ. ಅಯ್ಯರ್ 1975ರಲ್ಲಿ ತೆಗೆದ ಈ ಚಿತ್ರದಲ್ಲಿ ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನಿಗೆ ಮುಖ ಕೊಟ್ಟವರು ಅನಂತನಾಗ್, ಕಂಠ ಕೊಟ್ಟವರು ಎಂ. ಬಾಲಮುರಳಿಕೃಷ್ಣ. ಆ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಕಂಠವೇ ಕಥೆಯ ಜೀವವಾದ ಕೃತಿ ಇದು. ಪ್ರಭುತ್ವದ ಎದುರು ಹಾಡಲೊಲ್ಲದ ಗಾಯಕನ ದನಿಗೆ ಒದಗುವ ಗತಿಯೇ ಇದರ ದುರಂತ. ಅಂಥ ಕಥೆಯನ್ನು ಮುದ್ರಿತ ಹಾಡಿಗೆ ತುಟಿಯಾಡಿಸಿ ಆಡಿದರೆ ಅದು ವೆಂಕಟಸುಬ್ಬಯ್ಯನಿಗೇ ಮಾಡುವ ಅಪಚಾರ. ಕರ್ನಾಟಕ ಸಂಗೀತದ ಒಳ್ಳೆಯ ಯುವ ಗಾಯಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ನೀನಾಸಂ, ರಂಗಾಯಣಗಳಲ್ಲಿ ಪಳಗಿದ ನಟರೂ ಇದ್ದಾರೆ. ಈ ಇಬ್ಬರೂ ಒಂದೇ ತಾಲೀಮಿನ ಮನೆಯಲ್ಲಿ ಕೂರುವುದು ಮಾತ್ರ ಅಪರೂಪ. ‘ಹಂಸಗೀತೆ’ಯನ್ನೋ ಅಂಥ ಇನ್ನೊಂದು ಚಿತ್ರವನ್ನೋ ರಂಗಕ್ಕೆ ತರಲು ಯಾವುದೇ ತಂಡ ಮನಸ್ಸು ಮಾಡಿದರೆ, ಕೋಟೆಯ ಸೆಟ್ಟಿನ ನಕ್ಷೆ ಬರೆಸುವ ಮೊದಲು ಒಬ್ಬ ಹಾಡುಗಾರನನ್ನು ಹುಡುಕಲಿ, ಅವನಿಗೆ ನಟನೊಂದಿಗೆ ಆರು ತಿಂಗಳ ತಾಲೀಮು ಕೊಡಲಿ, ಮೃದಂಗ ಪಿಟೀಲುಗಳನ್ನು ರಂಗದ ಮೇಲೆಯೇ ಇರಿಸಲಿ.